ಅಣ್ಣ ಮಾಡಿಕೊಟ್ಟ ಗಾಡಿ

ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಮೇಡಂ ಕೊಟ್ಟ ಕೆಲಸ ಇಷ್ಟೇ: ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿ ಹಿಡಿದು ತಾನಾಗಿ ಸಾಗುವ ಪುಟ್ಟ ರೋಬಾಟ್ ಗಾಡಿ ಮಾಡಬೇಕು. ಉಳಿದವರ ಗಾಡಿಗಳು ಗೋಡೆಗೆ ಡಿಕ್ಕಿ ಹೊಡೆಯುತ್ತ, ಇದ್ದಲ್ಲೇ ಗಿರಗಿರ ಸುತ್ತುತ್ತ ಒದ್ದಾಡುತ್ತಿದ್ದವು. ಕನ್ನಡಕದ ಹುಡುಗಿಯದು ಮಾತ್ರ ಒಂದು ತಿರುವೂ ತಪ್ಪದೆ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆ ಎತ್ತಲಿಲ್ಲ.

ಮೇಡಂ ಗಾಡಿಯನ್ನು ಮಗುಚಿ ನೋಡಿದರು. ವೈರುಗಳು ಎಣ್ಣೆ ಹಚ್ಚಿ ಬಾಚಿದ ಹಾಗೆ ಒಪ್ಪವಾಗಿದ್ದವು.

“ಬ್ಯಾಟರಿನ ಹಿಂದುಗಡೆ ಯಾಕೆ ಇಟ್ಟೆ?”

ಹುಡುಗಿ ಕನ್ನಡಕ ಮೇಲೆ ಸರಿಸಿದಳು. “ಅಣ್ಣ ಇಟ್ಟಿದ್ದು, ಮೇಡಂ. ಎಲ್ಲಾ ಅವನೇ ಮಾಡಿದ್ದು.”

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಅಮ್ಮ ತೀರಿಕೊಂಡ ಮೇಲೆ ತಂಗಿಗೆ ಜಡೆ ಹಾಕಲು ಕಲಿತವನು, ಅವಳ ಸೈಕಲ್ ಚೈನು ಕಳಚಿದರೂ ಕೆಲಸ ಬಿಟ್ಟು ಓಡಿ ಬರುತ್ತಿದ್ದವನು. ಅವನಿಗೆ ಬೇಡ ಅನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ.

ಮೇಡಂ ಗದರಲಿಲ್ಲ. “ಅಣ್ಣನ ಗಾಡಿ ನೋಡಿದ್ದಾಯ್ತು. ನಿಂದೂ ನೋಡೋಣ. ಬಿಚ್ಚು,” ಅಂದರು.

ಅವಳು ಒಂದೊಂದೇ ಸ್ಕ್ರೂ ಬಿಚ್ಚಿದಳು. ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಬೀರುವಿನ ಕೆಳಗೆ ಉರುಳಿತು, ಬೆಸುಗೆ ಹಾಕಲು ಹೋಗಿ ಬೆರಳು ಚುರ್ರೆಂದಿತು. ಸ್ವಿಚ್ ಒತ್ತಿದರೆ ಗಾಡಿ ಹಿಂದಕ್ಕೆ ಹೊರಟಿತು.

“ಪಾಪ, ಅದಕ್ಕೆ ಮನೆ ನೆನಪಾಯ್ತೇನೋ,” ಅಂದಳು ಪಕ್ಕದ ಮೇಜಿನ ಗೆಳತಿ.

ಅವಳಿಗೂ ನಗು ಬಂತು. ನಗುತ್ತಲೇ ವೈರುಗಳನ್ನು ದಿಟ್ಟಿಸಿದಳು. ಎರಡೂ ಮೋಟರುಗಳ ತಂತಿ ಅದಲುಬದಲಾಗಿದ್ದವು. ಸಂಜೆಯ ಹೊತ್ತಿಗೆ ಗಾಡಿ ಕುಡಿದವನ ಹಾಗೆ ಓಲಾಡುತ್ತ, ಅಂತೂ ಪಟ್ಟಿಯ ಕೊನೆ ಮುಟ್ಟಿತು.

ಮನೆಯಲ್ಲಿ ಅಣ್ಣ ಗಾಡಿ ಕಂಡವನೇ ಹುಬ್ಬು ಗಂಟಿಕ್ಕಿದ. “ಯಾರು ಹೀಗೆ ಹಾಳು ಮಾಡಿದ್ದು?”

“ನಾನೇ.”

ಅವನು ಕೈ ಚಾಚಿದ. ಅವಳು ಗಾಡಿಯನ್ನು ತನ್ನತ್ತ ಎಳೆದುಕೊಂಡಳು. “ಬೇಡಣ್ಣ. ಇದು ನಾನು ಮಾಡಿದ್ದು.”

ಅಣ್ಣನ ಮುಖ ಸಪ್ಪಗಾಯಿತು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ. ಅವಳು ಗಾಡಿ ಹಿಡಿದು ಹಿಂದೆಯೇ ಹೋಗಿ ಬಾಗಿಲಿಗೆ ಒರಗಿ ನಿಂತಳು.

“ಅಣ್ಣಾ, ಮೊದಲು ಇದು ಹಿಂದಕ್ಕೆ ಓಡ್ತಿತ್ತು. ಯಾಕೆ ಗೊತ್ತಾ?”

ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೂ ಒಲೆ ಆರಿಸಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

“ಗೊತ್ತಿಲ್ಲ. ಹೇಳು.”