ಮೂರನೇ ಮಂಚದ ಕೇಸು

ಶ್ವಾಸಕೋಶದ ಡಾಕ್ಟರಾಗುವವರ ಕೊನೆಯ ಪರೀಕ್ಷೆ ಬಂತೆಂದರೆ ದೊಡ್ಡಾಸ್ಪತ್ರೆಯವರು ನನಗೆ ಫೋನು ಮಾಡುತ್ತಾರೆ. ಕೂಡ್ಲಿಗಿಯಲ್ಲಿ ಬಸ್ಸು ಹತ್ತಿ ಹೋಗಿ ಮಂಚದ ಮೇಲೆ ಕೂರುತ್ತೇನೆ. ಅಲ್ಲಿ ನಮ್ಮಂಥ ರೋಗಿಗಳಿಗೆ ‘ಕೇಸು’ ಅನ್ನುತ್ತಾರೆ. ನನ್ನ ರೋಗ ಏನೆಂದು ಪರೀಕ್ಷೆಗೆ ಕೂತವರಿಗೆ ಯಾರೂ ಹೇಳಿರುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಅವರೇ ನನ್ನನ್ನು ಕೇಳಿ, ಬೆನ್ನು ಬಡಿದು ನೋಡಿ, ಎಲ್ಲವನ್ನೂ ಬರೆದು ಹಿರಿಯ ಡಾಕ್ಟರಿಗೆ ಒಪ್ಪಿಸಬೇಕು.

ಈ ಸಲ ವಾರದ ಮುಂಚೆ, ಪರೀಕ್ಷೆಗೆ ಇನ್ನೂ ವರ್ಷವಿದ್ದ ಆ ಆಸ್ಪತ್ರೆಯ ಹುಡುಗರು ನನ್ನ ಮೇಲೆ ಅಭ್ಯಾಸ ಮಾಡಿದ್ದರು. ಒಬ್ಬ ಕೇಳುವನು, ಇನ್ನೊಬ್ಬ ಮೊಬೈಲಿನಲ್ಲಿ ಹೊತ್ತು ನೋಡುವನು, ಕ್ರಾಂತಿಕುಮಾರ್ ಎಂಬುವನು ಪರೀಕ್ಷಕನ ಹಾಗೆ ಹುಬ್ಬು ಗಂಟಿಕ್ಕಿ ಗದರುವನು.

“ಅಜ್ಜಿ, ಬೀಡಿ ಸೇದ್ತೀಯೇನು?”

“ದಿನಕ್ಕ ಎಂಟು. ನಿನಗೊಂದು ಬೇಕೇನಪ?”

ಎಲ್ಲರೂ ನಕ್ಕರು. ಗುರುತಿಲ್ಲದವರ ಮುಂದೆ ನನಗೆ ಎಂಥ ನಾಚಿಕೆ?

ಪರೀಕ್ಷೆಯ ದಿನ ಪರದೆ ಸರಿಸಿ ಬಂದವಳು ತಬಸ್ಸುಮ್. ನಮ್ಮೂರ ಮೆಕ್ಯಾನಿಕ್ ರಹಿಮಾನನ ಮಗಳು. ಬೇರೆ ಕಡೆ ಓದಿದವಳಿಗೆ ಪರೀಕ್ಷೆ ಇಲ್ಲಿ ಬಿದ್ದಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ರಾತ್ರಿ ಶಾಲೆಗೆ ಬಂದು, ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ. ನಾನು ಸ್ವಂತ ಬರೆದ ಮೊದಲ ಸಾಲು ‘ನಾನು ಬೀಡಿ ಬಿಟ್ಟೆನು’. ಅದನ್ನು ಗೋಡೆಗೆ ಅಂಟಿಸಿ ಶಾಲೆಗೆಲ್ಲ ತೋರಿಸಿದ್ದಳು.

“ಗಾದೆಮ್ಮಜ್ಜಿ! ನೀನಾ!” ಎಂದು ನನ್ನ ಕೈ ಹಿಡಿದಳು. “ಹೋದ ಸಲ ಫೇಲಾಗೀನಿ. ಈ ಸಲಾನೂ ಆಗಲಿಲ್ಲಂದ್ರ ಮತ್ತ ಆರು ತಿಂಗಳು ಕಾಯಬೇಕು. ಎಲ್ಲಾ ಖರೇ ಹೇಳಜ್ಜಿ.”

ಕೆಮ್ಮು, ದಮ್ಮು, ಒಲೆಯ ಹೊಗೆ, ಎಲ್ಲ ಕೇಳಿದಳು. ಬೆನ್ನಿಗೆ ಕೊಳವೆ ಇಟ್ಟು, “ಒಂದು, ಎರಡು, ಮೂರು ಅನ್ನು” ಎಂದಳು.

“ಆಗ ಅ ಆ ಇ ಅನ್ನಿಸಿದಿ, ಈಗ ಲೆಕ್ಕಾ ಕಲಿಸ್ತಿ,” ಎಂದೆ. ಇಬ್ಬರೂ ನಕ್ಕೆವು.

“ಬೀಡಿ… ಬಿಟ್ಟು ಹದಿನಾಲ್ಕು ವರ್ಷ ಆತಲ್ಲಜ್ಜಿ? ನಾನೇ ಸಾಕ್ಷಿ ಅದೀನಿ.”

ನಾನು ಹೂಂ ಎಂದು ತಲೆಯಾಡಿಸಿದೆ. ಸೊಂಟದ ಚೀಲದಲ್ಲಿ ಬೀಡಿಯ ಕಟ್ಟು ಇತ್ತು. ಅದರ ಮೇಲೆ ಸೆರಗು ಎಳೆದುಕೊಂಡೆ.

ಹಿರಿಯ ಡಾಕ್ಟರು ಬಂದು, ಅವಳು ಒಪ್ಪಿಸಿದ್ದನ್ನು ಕೇಳಿ, ನನ್ನ ಬಲಗೈ ಎತ್ತಿ ನೋಡಿದರು.

“ಬೆರಳು ಹಳದಿ ಆಗಿದೆಯಲ್ಲಮ್ಮ. ಇವತ್ತು ಎಷ್ಟು ಸೇದಿದೆ?”

“ಬಸ್‌ಸ್ಟ್ಯಾಂಡಿನಾಗ ಒಂದು, ಗೇಟಿನ ಹತ್ರ ಒಂದು ರೀ.” ಗುರುತಿಲ್ಲದವರಿಗೆ ಹೇಳಿ ರೂಢಿಯಾದ ಬಾಯಿ. ತಡೆಯುವುದರೊಳಗೆ ಆಡಿಬಿಟ್ಟಿತು.

ಅವರು ತಬಸ್ಸುಮಳ ಕಡೆ ತಿರುಗಿದರು. “ಬಿಟ್ಟು ಹದಿನಾಲ್ಕು ವರ್ಷ ಅಂತ ಬರೆದಿದ್ದೀರಿ. ಇವರನ್ನು ಕೇಳಿದಿರಾ?”

ಅವಳು ನನ್ನ ಮುಖ ನೋಡಿದಳು.

“ಸರಿಯಾಗಿ ಕೇಳಲಿಲ್ಲ ಸರ್. ಗೊತ್ತಿದೆ ಅಂದುಕೊಂಡೆ. ತಪ್ಪು ನನ್ನದು.”

‘ಕೇಳಿದೆ ಸರ್, ಅಜ್ಜಿಯೇ ಸುಳ್ಳು ಹೇಳಿದಳು’ ಎಂದು ಅವಳು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವರು ಹಾಳೆಯಲ್ಲಿ ಏನೋ ಗೀಚಿ ಮುಂದಿನ ಮಂಚಕ್ಕೆ ಹೋದರು.

ಆಮೇಲೆ ಗೇಟಿನ ಹತ್ತಿರ ಅವಳೇ ನನಗೆ ಚಹಾ ತಂದುಕೊಟ್ಟಳು.

“ಗ್ವಾಡಿಗೆ ಹಚ್ಚಿದ್ವಲ್ಲ, ಅವತ್ತೂ ಸುಳ್ಳೇನಜ್ಜಿ?”

“ಅವತ್ತಿಗೆ ಬಿಟ್ಟು ಮೂರು ದಿನ ಆಗಿತ್ತವ್ವಾ. ಅದು ಖರೇನ.”

ಅವಳು ಬೈಯಲಿಲ್ಲ. ಚಹಾದ ದುಡ್ಡು ಕೊಟ್ಟು ನನ್ನನ್ನು ಬಸ್ಸು ಹತ್ತಿಸಿದಳು.

ರಿಸಲ್ಟು ಬಂದಿದೆ ಎಂದು ಕೇಳಿದ ದಿನ ರಹಿಮಾನನ ಅಂಗಡಿಗೆ ಹೋದೆ. ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೋಲ್ಟು ಬಿಚ್ಚುತ್ತಿದ್ದ.

“ಆಗಲಿಲ್ಲ ಗಾದೆಮ್ಮಕ್ಕ. ಕೇಸು ಸರಿ ಸಿಗಲಿಲ್ಲಂತ,” ಎಂದ. ಯಾವ ಕೇಸೆಂದು ಅವಳು ಅಪ್ಪನಿಗೂ ಹೇಳಿರಲಿಲ್ಲ. ಅವನು ಸ್ಟೂಲು ಒರೆಸಿ ನನ್ನ ಮುಂದೆ ಇಟ್ಟ. “ಕುಂದ್ರು, ದಮ್ಮು ಹತ್ತೈತಿ ನಿನಗ.”

ಕೂರಲಿಲ್ಲ. ಚೀಲದಿಂದ ಬೀಡಿ ಕಟ್ಟು ತೆಗೆದು ಆ ಸ್ಟೂಲಿನ ಮೇಲಿಟ್ಟೆ.

“ಆ ಕೇಸು ನಾನೇ, ರಹಿಮಾನ,” ಎಂದೆ.

ಅವನ ಕೈಯ ಪಾನಾ ಅಲ್ಲೇ ನಿಂತಿತು.