ಉಪ್ಪು ಹಾಕದ ಐಸು

ಚೈತ್ರ ಮಾಸ ಹುಟ್ಟಿ ನಾಲ್ಕು ದಿನವಾಗಿತ್ತು. ಮುಂಜಾನೆ ಅಂಗಡಿಗಳು ಬಾಗಿಲು ತೆರೆಯುವ ಹೊತ್ತು. ಹುಬ್ಬಳ್ಳಿಯ ಪಾತ್ರೆ ಅಂಗಡಿಯೊಂದರಲ್ಲಿ ನನ್ನನ್ನು ಹುಲ್ಲು ತುಂಬಿದ ಪೆಟ್ಟಿಗೆಯಿಂದ ಮೇಲೆತ್ತಿದರು. ಆ ಗಳಿಗೆಯನ್ನೇ ನಾನು ನನ್ನ ಹುಟ್ಟು ಎಂದು ಎಣಿಸುತ್ತೇನೆ. ಅದಕ್ಕೂ ಮೊದಲು ಎಲ್ಲೋ ದೂರದಲ್ಲಿ, ಬೆಂಕಿಯ ಮುಂದೆ ಯಾರೋ ನನ್ನ ಗಾಜಿನ ಹೊಟ್ಟೆ ಊದಿದ್ದರಂತೆ. ಅದು ನನಗೆ ನೆನಪಿಲ್ಲ. ನಾನೊಂದು ಅಗಲ ಬಾಯಿಯ ಥರ್ಮಾಸು. ಹೊರಗೆ ನೀಲಿ ತಗಡು, ಒಳಗೆ ಕನ್ನಡಿಯಂಥ ಗಾಜು, ಮೇಲೊಂದು ಬೂಚು.

ನನ್ನನ್ನು ಕೊಂಡವ ಧಾರವಾಡದ ಖಾದರಸಾಬ. ಓಡಾಡುವ ಮಂದಿಗೆ ಕುಲ್ಫಿ ಮಾರುವುದು ಅವನ ಕೆಲಸ. ದಿನಾ ಬೆಳಿಗ್ಗೆ ಐಸು ಒಡೆದು, ಒಂದು ಹಿಡಿ ಹರಳುಪ್ಪು ಬೆರೆಸಿ ನನ್ನ ಹೊಟ್ಟೆಗೆ ತುಂಬುತ್ತಿದ್ದ. ಉಪ್ಪು ಬಿದ್ದ ಐಸಿಗೆ ಚಳಿ ಹೆಚ್ಚು. ಅದರಲ್ಲಿ ಕುಲ್ಫಿ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವೆ ಇರುವುದು ಇಪ್ಪತ್ತು ಕಿಲೋಮೀಟರು. ಹನ್ನೊಂದು ವರ್ಷ ಆ ದಾರಿಯನ್ನು ನಾನು ಹೊಟ್ಟೆಯಿಂದ ಅರಿತೆ. ಬಸ್ಸು ಹತ್ತಿದರೆ ಐಸಿನ ಚೂರು ಗಾಜಿಗೆ ಬಡಿಯುತ್ತಿತ್ತು, ಊರು ಬರುವವರೆಗೂ ಎದೆ ಡವಡವ. ಟೆಂಪೋ ಹೊರಟರೆ ಎಲ್ಲಕ್ಕಿಂತ ಮುಂದೆ. ಆದರೆ ಮಂದಿ ತುಂಬದೆ ಅದು ಹೊರಡುವುದಿಲ್ಲ, ಸೀಟಿನ ಕೆಳಗಿನ ಎಂಜಿನ್ನು ಬೇರೆ ನನ್ನನ್ನು ಕಾಯಿಸುತ್ತಿತ್ತು. ರೈಲಿನಲ್ಲಿ ಕುಲುಕಾಟವಿಲ್ಲ, ಕಿಟಕಿಯ ಗಾಳಿಯುಂಟು. ಎದುರಿನ ಗಾಡಿಗೆ ದಾರಿ ಬಿಡಬೇಕಾದರೆ ಮಾತ್ರ ಹೊಲದ ನಡುವೆ ಸುಮ್ಮನೆ ನಿಂತುಬಿಡುತ್ತಿತ್ತು.

ಹನ್ನೆರಡನೆಯ ಬೇಸಿಗೆಯಲ್ಲಿ ಪಕ್ಕದ ಮನೆಯ ನಿಂಬೆವ್ವ ಅಳುತ್ತಾ ಬಂದಳು. ಅವಳ ಮಗಳು ಕಸ್ತೂರಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರಿಂದ ಕಸ್ತೂರಿ ಧಾರವಾಡದ ಆಸ್ಪತ್ರೆಯಲ್ಲಿ ಏಳಲಾರದೆ ಮಲಗಿದ್ದಳು. ಅಂಗೈಯಗಲದ ಹೆಣ್ಣುಕೂಸನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ತಾಯಿಯ ಹಾಲನ್ನು ಬಾಟಲಿಯಲ್ಲಿ ಹಿಂಡಿ, ತಣ್ಣಗೆ ಇಟ್ಟು ಮುಟ್ಟಿಸಬೇಕಿತ್ತು. ಅಳಿಯ ಲಾರಿ ಹೊಡೆಯುತ್ತಾ ದೂರದೂರಿಗೆ ಹೋಗಿದ್ದ.

ಖಾದರಸಾಬ ಕೂಡಲೇ ಐಸು ತುಂಬಿ ನನ್ನನ್ನು ಅವಳ ಕೈಗೆ ಕೊಟ್ಟ. ಹಾಲಿನ ಬಾಟಲಿಯನ್ನು ಐಸಿನಲ್ಲಿ ಹುದುಗಿಸಿ, ಬೆಳಗಿನ ರೈಲಿನಲ್ಲಿ ನಿಂಬೆವ್ವ ನನ್ನನ್ನು ಎದೆಗವಚಿಕೊಂಡು ಕೂತಳು. ಆಸ್ಪತ್ರೆಯಲ್ಲಿ ನರ್ಸಮ್ಮ ಬೂಚು ತೆಗೆದು ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಯಾರು ತುಂಬ್ಯಾರ್ರೀ ಈ ಐಸು? ಹಾಲು ಕಲ್ಲಾಗೇತಿ. ಬಾಟ್ಲಿ ಸೀಳೇತಿ ನೋಡ್ರಿ."

"ಕರಗಿಸಿ ಕೊಡಾಕ ಬರೂದಿಲ್ಲೇನವಾ?"

"ಗಾಜಿನ ಚೂರು ಕುಡಸೂಣೇನು? ಕೂಸಿಗೆ ಮೇಲಿನ ಹಾಲು ಹಿಡಸವಲ್ದು. ಬೇರೆ ತರ್ರಿ, ಮಧ್ಯಾಹ್ನ ಎರಡರೊಳಗ. ತಡ ಆದ್ರ ನನ್ನ ಕೈಯಾಗಿಲ್ಲ."

ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಹೇಳಲು ನನಗೆ ಬಾಯಿದ್ದರೂ ನಾಲಿಗೆಯಿಲ್ಲ.

ನಿಂಬೆವ್ವ ಧಾರವಾಡಕ್ಕೆ ಮರಳಿ ತಂದ ಸುದ್ದಿ ಕೇಳಿ ಖಾದರಸಾಬ ಅಂಗಳದಲ್ಲೇ ಕುಸಿದು ಕೂತ. "ಉಪ್ಪು ಹಾಕಿಬಿಟ್ಟೆ ನಿಂಬವ್ವಾ. ಕೈ ರೂಢಿ. ಕುಲ್ಫಿ ಅಂತ ತಿಳದು ಹಾಕಿಬಿಟ್ಟೆ." ಆಮೇಲೆ ಎದ್ದು ನನ್ನನ್ನು ಏಳು ಸಲ ತೊಳೆದ. ಪ್ರತಿ ಸಲವೂ ಒಳಗೆ ಬೆರಳಾಡಿಸಿ, ನಾಲಿಗೆಗೆ ಇಟ್ಟು ನೋಡಿದ. ಬರಿಯ ಐಸು ತುಂಬಿ, "ನಾನೂ ಬರ್ತೀನಿ" ಎಂದ.

ಕಸ್ತೂರಿಗೆ ಈ ಸಲ ಹಾಲು ಬೇಗ ಇಳಿಯಲಿಲ್ಲ. ಎರಡು ಬೆರಳಷ್ಟು ಕೂಡುವಷ್ಟರಲ್ಲಿ ಹನ್ನೆರಡೂವರೆ. ರೈಲಿಗೆ ಇನ್ನೂ ಅರ್ಧ ತಾಸು ಇತ್ತು, ಬಸ್ಸಿನ ಬಾಗಿಲಲ್ಲಿ ಮಂದಿ ಜೋತಾಡುತ್ತಿದ್ದರು. ಟೆಂಪೋದಲ್ಲಿ ಎರಡೇ ಸೀಟು ಉಳಿದಿವೆ ಎಂದು ಕೂಗು ಕೇಳಿ ಇಬ್ಬರೂ ಅತ್ತ ಓಡಿದರು. ಹತ್ತಿ ಕೂತ ಮೇಲೆ ನೋಡಿದರೆ ಮತ್ತೆರಡು ಸೀಟು ಖಾಲಿ.

"ಬಿಡೋ ತಮ್ಮಾ, ಕೂಸಿನ ಜೀವದ ಮಾತೈತಿ," ಎಂದ ಖಾದರಸಾಬ.

"ಎಲ್ಲಾರದೂ ಜೀವದ ಮಾತ ಇರ್ತೈತಿ ಅಜ್ಜಾ. ಇನ್ನಿಬ್ರು ಬರ್ಲಿ," ಎಂದ ಡ್ರೈವರು.

ನಡುವೆ ಕೂತಿದ್ದ ತರಕಾರಿಯ ಹೆಂಗಸು ಗದರಿದಳು. "ಏ ಮೂಳಾ, ನನ್ನ ಮೈ ನೋಡಿ ಹೇಳು, ಇಬ್ರಂಗ ಕಾಣಂಗಿಲ್ಲೇನು? ನಂದು, ಈ ಬುಟ್ಟಿದು ಸೇರಿ ಮೂರು ಮಂದಿ ಅಂತ ಹಿಡಿ. ಬಿಡು ಗಾಡಿ!"

ಎಲ್ಲರೂ ನಕ್ಕರು. ಟೆಂಪೋ ಹೊರಟಿತು. ನಿಂಬೆವ್ವ ಮಾತ್ರ ನಗಲಿಲ್ಲ. ಕೆಳಗೆ ಎಂಜಿನ್ನು ಕಾಯುತ್ತಿತ್ತು. ಬಿಸಿ ತಾಗದಿರಲಿ ಎಂದು ಅವಳು ನನ್ನನ್ನು ಎರಡೂ ಕೈಯಲ್ಲಿ ಮೇಲೆ ಹಿಡಿದಿದ್ದಳು. ನನ್ನೊಳಗೆ ಐಸು ನೀರಾಗುವುದು ನನಗಷ್ಟೇ ತಿಳಿಯುತ್ತಿತ್ತು.

ನವಲೂರಿನ ಹತ್ತಿರ ಗಾಡಿಗಳೆಲ್ಲ ನಿಂತಿದ್ದವು. ಮುಂದೆ ಹತ್ತಿ ಹೇರಿದ ಲಾರಿ ರಸ್ತೆಗಡ್ಡ ಮಗುಚಿತ್ತು. ಖಾದರಸಾಬ ಬಿಸಿಲು ನೋಡಿದ, ಹಿಂದೆ ತಿರುಗಿ ದೂರಕ್ಕೆ ಕಿವಿಗೊಟ್ಟ.

"ಇಳಿ ನಿಂಬವ್ವಾ. ಪ್ಯಾಸೆಂಜರ್ ಇನ್ನ ಧಾರವಾಡ ಬಿಟ್ಟಿಲ್ಲ. ನವಲೂರ ಟೇಶನ್ನಿನ್ಯಾಗ ಹಿಡಿಯೂಣು."

ಅವನ ಮೊಣಕಾಲು ಮೊದಲೇ ನೆಟ್ಟಗಿರಲಿಲ್ಲ. ಹೊಲದ ದಾರಿಯಲ್ಲಿ ನನ್ನನ್ನು ಕಂಕುಳಲ್ಲಿ ಹಿಡಿದು ಕುಂಟುತ್ತಲೇ ಓಡಿದ. ಗಾರ್ಡು ಹಸಿರು ಬಾವುಟ ಎತ್ತುವಾಗ ಇಬ್ಬರೂ ಡಬ್ಬಿ ಹತ್ತಿದರು. ಆದರೆ ಉಣಕಲ್ಲು ದಾಟಿ ರೈಲು ನಿಂತಿತು.

"ಯಾಕ ನಿಂತು?"

"ಎದುರು ಗಾಡಿ ಬರಬೇಕು."

"ಬರಲಿಲ್ಲಂದ್ರ?"

ಖಾದರಸಾಬ ತಲೆಯ ರುಮಾಲು ಬಿಚ್ಚಿ, ಕುಡಿಯುವ ನೀರಿನಲ್ಲಿ ತೋಯಿಸಿ ನನಗೆ ಸುತ್ತಿದ. ಬಿಸಿಲಿಗೆ ಬೋಳುತಲೆ ಕೊಟ್ಟುಕೊಂಡು ಬಾಗಿಲಲ್ಲಿ ನಿಂತು ಹಳಿ ನೋಡಿದ. ಒಂದೊಂದು ಚೂರೂ ಕರಗಿದ್ದನ್ನು ನಾನು ಬಲ್ಲೆ. ಕೊನೆಗೆ ಎದುರಿನ ಗಾಡಿ ಧಡಧಡ ದಾಟಿ ಹೋಯಿತು.

ನರ್ಸಮ್ಮ ಬೂಚು ತೆಗೆದಾಗ ಎರಡಕ್ಕೆ ಐದು ನಿಮಿಷ ಇತ್ತು. ಒಳಗೆ ಅಡಿಕೆಯಷ್ಟು ದಪ್ಪನೆಯ ಐಸಿನ ಚೂರು ಮೂರೇ ಉಳಿದಿದ್ದವು. ಬಾಟಲಿ ಮುಟ್ಟಿ, ಬೆಳಕಿಗೆ ಹಿಡಿದು, "ನೆಟ್ಟಗೈತಿ" ಎಂದಳು. ಬಾಗಿಲ ಹೊರಗೆ ಖಾದರಸಾಬ ಗೋಡೆಗೆ ಮುಖ ಮಾಡಿ ಅತ್ತ.

ಮೂವತ್ತೆಂಟು ದಿನ ನಾನು ಹಾಲು ಹೊತ್ತೆ, ದಿನಕ್ಕೆರಡು ಸಲ, ಹೆಚ್ಚಾಗಿ ರೈಲಿನಲ್ಲಿ. ಖಾದರಸಾಬನಿಗೆ ಇದ್ದ ಥರ್ಮಾಸು ನಾನೊಬ್ಬನೇ. ಆ ಬೇಸಿಗೆ ಅವನು ಕುಲ್ಫಿ ಮಾರಲಿಲ್ಲ. ಕೂಸು ಮನೆಗೆ ಬಂದ ಮೇಲೂ ನನ್ನನ್ನು ವಾಪಸು ಒಯ್ಯಲಿಲ್ಲ. ಇದಕ್ಕಿನ್ನು ಉಪ್ಪು ಮುಟ್ಟಿಸಲಾರೆ ಎಂದು ಶೇಂಗಾ ಹುರಿದು ಮಾರತೊಡಗಿದ.

ಈಗ ನನ್ನ ಗಾಜು ಸೀಳಿದೆ. ನಿಂಬೆವ್ವನ ಅಡುಗೆಮನೆಯ ಮೂಲೆಯಲ್ಲಿ ಅವರೆಯ ಬೀಜ ತುಂಬಿಕೊಂಡು ಕೂತಿದ್ದೇನೆ. ತಂಪು ಹಿಡಿಯುವ ಶಕ್ತಿ ಹೋಗಿದೆ, ನೆನಪು ಹಿಡಿಯುವುದು ಹೋಗಿಲ್ಲ. ಕೊನೆಯ ಸಲ ನಾನು ಐಸು ಹೊತ್ತದ್ದು ಒಂದು ಶ್ರಾವಣದಲ್ಲಿ. ಖಾದರಸಾಬ ಜ್ವರದಿಂದ ಹಾಸಿಗೆ ಹಿಡಿದಿದ್ದ, ಬಾಯಾರಿಕೆ ಎನ್ನುತ್ತಿದ್ದ. ಆ ಕೂಸು ಮಹಾನಂದಾಗೆ ಆಗ ಏಳು ವರ್ಷ. ಅವಳೇ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದಳು.

"ಉಪ್ಪು ಹಾಕೀಯೇನವಾ?" ಎಂದ ಅವನು.

"ಇಲ್ಲಜ್ಜಾ. ನಿಂಬೆವ್ವ ಆಯಿ ಏಳು ಸರ್ತಿ ತೊಳದಾಳ."

ಆದರೂ ಅವನು ಒಳಗೆ ಬೆರಳಾಡಿಸಿ ನಾಲಿಗೆಗೆ ಇಟ್ಟು ನೋಡಿದ. ಆಮೇಲೆ ನಕ್ಕು ಒಂದು ಚೂರು ಬಾಯಿಗೆ ಹಾಕಿಕೊಂಡ. ನನ್ನೊಳಗಿನ ಐಸು ಇನ್ನೂ ಅರ್ಧ ಇತ್ತು, ಖಾದರಸಾಬ ಜೀವ ಬಿಟ್ಟ. ಅಂದು ಸೋಮವಾರ.