ಗಾಳಿಕಿಂಡಿಯ ಸವೆದ ತೂತುಗಳು

ಸ್ಕ್ರೂ ತಿರುಗುತ್ತಲೇ ಇತ್ತು, ಬಿಗಿಯಾಗುತ್ತಿರಲಿಲ್ಲ. ಅತ್ತೆ ಸ್ಕ್ರೂಡ್ರೈವರ್ ಕೆಳಗಿಟ್ಟು ಬೆರಳಿನಿಂದಲೇ ಎಳೆದರು. ಹಾಲುಹಲ್ಲಿನ ಹಾಗೆ ಕೈಗೆ ಬಂತು. ಉಳಿದ ಮೂರೂ ಹಾಗೆಯೇ. ಕಿಂಡಿಯ ಜಾಲರಿ ಮುಚ್ಚಳ ತಾನಾಗಿ ಕಳಚಿ ಮಡಿಲಿಗೆ ಬಿತ್ತು.

ಮಹಡಿಯ ಈ ಕೋಣೆ ಮಗ ಸೊಸೆಯದು. ಮುಚ್ಚಳ ಗಾಳಿಗೆ ಪಟಪಟ ಬಡಿದುಕೊಳ್ಳುವುದನ್ನು ಕೇಳಲಾರದೆ, ಸೊಸೆ ಬಟ್ಟೆ ಒಣಹಾಕಲು ಹೋದ ಸಮಯ ನೋಡಿ ಅತ್ತೆ ಮೇಲೆ ಬಂದಿದ್ದರು. ಗೋಡೆಯ ಬುಡದಲ್ಲಿ ಈ ಗಾಳಿಕಿಂಡಿಯ ಮರದ ಚೌಕಟ್ಟನ್ನು ಕೂರಿಸಿದ್ದು ಅವರ ಗಂಡ. ಬಡಗಿಯ ಜೊತೆ ಸಂಸಾರ ಮಾಡಿದವರಿಗೆ ಇಷ್ಟು ಗೊತ್ತಿತ್ತು: ಮರ ಕಚ್ಚಿಕೊಂಡ ಸ್ಕ್ರೂ ಸುಮ್ಮಸುಮ್ಮನೆ ಸಡಿಲವಾಗುವುದಿಲ್ಲ. ಯಾರೋ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ತೂತು ಸವೆಸಿದ್ದಾರೆ.

ಇದರೊಳಗೆ ಏನೋ ಬಚ್ಚಿಟ್ಟಿದ್ದಾಳೆ, ಅಂದುಕೊಂಡರು.

ಅನುಮಾನ ಇವತ್ತಿನದಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಮಗಳ ಜೊತೆ ಫೋನಿನಲ್ಲಿ ಆಡಿದ ಮಾತು ಹೇಗೋ ಸೊಸೆಗೆ ಮುಟ್ಟುತ್ತಿತ್ತು. ಇವಳು ನಡೆದರೆ ಮಹಡಿಯೇ ಇಳಿದುಬರುತ್ತದೆ ಎಂದಿದ್ದರು. ಮರುದಿನದಿಂದ ಸೊಸೆಯದು ಬೆಕ್ಕಿನ ಹೆಜ್ಜೆ. ನಗು ಜಾಸ್ತಿಯಾಯಿತು ಎಂದಿದ್ದರು, ನಗುವೇ ನಿಂತುಹೋಯಿತು. ಮಗನೇ ಬಾಗಿಲ ಮರೆಯಲ್ಲಿ ನಿಂತು ಕೇಳಿ ಹೆಂಡತಿಯ ಕಿವಿಗೆ ಊದುತ್ತಿದ್ದಾನೆಂದು ಅತ್ತೆ ಅವನೆದುರು ಮುಖ ಗಂಟಿಕ್ಕಿಕೊಂಡೇ ಇದ್ದರು. ಮೊನ್ನೆ ಅವನು ಊಟದ ತಟ್ಟೆ ನೋಡುತ್ತಾ, "ಬೇರೆ ಮನೆ ಹಿಡಿದಿದ್ದೀವಿ ಅಮ್ಮ," ಎಂದ. ಯಾಕೆ ಎಂದು ಕೇಳಿದರೆ, ಆಫೀಸು ಹತ್ತಿರವಾಗುತ್ತೆ ಎಂದ. ಅವನ ಆಫೀಸು ಈ ಮನೆಗೇ ಹತ್ತಿರ. ಈಗಲೂ ಆ ಹೊಸ ಮನೆಯ ಬಣ್ಣ ನೋಡಲು ಹೋಗಿದ್ದ.

ಅತ್ತೆ ಕಿಂಡಿಯೊಳಗೆ ಮೊಣಕೈವರೆಗೂ ಕೈ ತೂರಿಸಿದರು. ಪೆಟ್ಟಿಗೆಯಿಲ್ಲ, ಪೊಟ್ಟಣವಿಲ್ಲ. ಧೂಳು ಮಾತ್ರ, ಯಾರೂ ಕದಡದ ಮೆತ್ತನೆ ಧೂಳು. ಮತ್ತೆ ಬಿಚ್ಚಿದ್ದೇಕೆ? ಇನ್ನಷ್ಟು ಬಗ್ಗಿ ತಲೆ ಒಡ್ಡಿದರು. ಕೆಳಗೆ ಅಡುಗೆಮನೆಯಲ್ಲಿ ಸಣ್ಣ ಉರಿಯ ಮೇಲೆ ಬಿಟ್ಟು ಬಂದ ಪಾತ್ರೆಯ ಮುಚ್ಚಳ ಲಟಲಟ ಕುಣಿಯುವುದು ಕಿವಿಯ ಪಕ್ಕದಲ್ಲೇ ಕೇಳಿಸಿತು. ನಲ್ಲಿ ತೊಟ್ಟಿಕ್ಕುವುದು ಕೂಡ.

ಅತ್ತೆ ಕಿಂಡಿಯಿಂದ ತಲೆ ಹಿಂದೆಗೆದುಕೊಂಡರು.

"ಮೊದಲ ಸಲ ಬಿಚ್ಚಿದ್ದು ಮುಚ್ಚಳ ತೊಳೆಯೋಕೆ," ಬಾಗಿಲಲ್ಲಿ ಸೊಸೆ ನಿಂತಿದ್ದಳು, ಖಾಲಿ ಬುಟ್ಟಿ ಸೊಂಟದಲ್ಲಿ. "ಆಗ್ಲೇ ಕೇಳಿಸ್ತು."

"ಕದ್ದು ಕೇಳೋಕೆ ನಾಚಿಕೆ ಆಗಲ್ವಾ?" ಅತ್ತೆಯ ದನಿಯಲ್ಲಿ ಜೋರು ಹುಟ್ಟಲಿಲ್ಲ.

"ಆಗುತ್ತೆ. ಅದಕ್ಕೇ ಪ್ರತಿ ಸಲ ವಾಪಸ್ ಹಾಕ್ತಿದ್ದೆ."

"ಹಾಕಿದ್ಮೇಲೆ ಹಾಗೇ ಬಿಟ್ಬಿಡೋದಲ್ವಾ?"

"ಮುಚ್ಚಿದ್ರೆ ಅರ್ಧ ಕೇಳ್ಸುತ್ತೆ ಅತ್ತೆ. ಉಳಿದರ್ಧ ನಾನೇ ಸೇರಿಸ್ಕೋತಿದ್ದೆ. ನೀವು ಹೇಳೋದಕ್ಕಿಂತ ಅದು ಕೆಟ್ಟದಾಗಿರ್ತಿತ್ತು."

ಅತ್ತೆ ರಿಪೇರಿಗೆಂದು ಅಂಟಿನ ಜೊತೆ ತಂದಿದ್ದ ಬೆಂಕಿಪೊಟ್ಟಣ ತೆರೆದು ಕಡ್ಡಿಗಳ ಮದ್ದಿನ ತಲೆ ಮುರಿಯತೊಡಗಿದರು. ಕಡ್ಡಿಗೆ ಅಂಟು ಸವರಿ ತೂತಿಗೆ ತುರುಕಿ, ಒಣಗಿದ ಮೇಲೆ ಚೌಕಟ್ಟಿನ ಸಮಕ್ಕೆ ಕತ್ತರಿಸಿದರೆ ಸ್ಕ್ರೂಗೆ ಹೊಸ ಹಿಡಿತ. ಸೊಸೆ ಬುಟ್ಟಿ ಇಳಿಸಿ, ಕೇಳದೆಯೇ ಅಂಟಿನ ಕೊಳವೆ ಎತ್ತಿಕೊಂಡಳು.

"ನನ್ ಮಗನೇ ಚಾಡಿಕೋರ ಅಂದ್ಕೊಂಡಿದ್ದೆ."

"ಅವರಿಗೆ ಒಂದು ಮಾತೂ ಹೇಳಿಲ್ಲ. ಬೇರೆ ಹೋಗೋಣ ಅಂದೆ, ಅಷ್ಟೇ."

ಎರಡು ತೂತು ತುಂಬಿದವು. ಅತ್ತೆ ಇನ್ನೊಂದು ಕಡ್ಡಿಯ ತಲೆ ಮುರಿದರು. "ಇನ್ಮೇಲೆ ನಿನ್ನ ಬಗ್ಗೆ ಒಳ್ಳೇದೇ ಆಡ್ತೀನಿ ಬಿಡು. ಎಲ್ಲೂ ಹೋಗ್ಬೇಡಿ."

"ಹೇಗೆ ನಂಬಲಿ? ನಾನು ಕೇಳ್ತೀನಿ ಅಂತ ನಿಮಗೀಗ ಗೊತ್ತು. ಒಳ್ಳೇದು ಆಡಿದ್ರೆ ಈ ಕಿಂಡಿಗೋಸ್ಕರ ಆಡಿದ್ರು ಅನ್ಸುತ್ತೆ. ಏನೂ ಕೇಳಿಸದಿದ್ರೆ, ಹಿತ್ತಲಿಗೆ ಹೋಗಿ ಬೈದ್ರು ಅನ್ಸುತ್ತೆ."

ಮಾತು ಕಟುವಾಗಿತ್ತು, ಸುಳ್ಳಾಗಿರಲಿಲ್ಲ. ಅತ್ತೆಯೇ ಸೊಸೆಯ ಜಾಗದಲ್ಲಿದ್ದಿದ್ದರೆ ಇದಕ್ಕಿಂತ ಹೆಚ್ಚು ಅನುಮಾನಪಡುತ್ತಿದ್ದರು.

ಅಷ್ಟರಲ್ಲಿ ಕಿಂಡಿಯೊಳಗಿಂದ, ಕೆಳಗೆ ಬಿಟ್ಟುಬಂದಿದ್ದ ಫೋನಿನ ಸದ್ದು ಬಂತು. ಮಗಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಮಂಡಿ ಹಿಡಿದು ಎದ್ದು ಕೆಳಗೆ ಹೋದರು. ಒಲೆ ಆರಿಸಿದರು. ಹಿತ್ತಲ ಬಾಗಿಲು ತೆರೆದೇ ಇತ್ತು. ಒಲೆಯ ಮೇಲ್ಗಡೆ ಕಪ್ಪು ಕಿಂಡಿಯೂ ಬಾಯಿ ತೆರೆದಿತ್ತು. ಫೋನ್ ಎತ್ತಿಕೊಂಡು ಅತ್ತೆ ಮೆಟ್ಟಿಲು ಹತ್ತಿದರು. ಸೊಸೆಯ ಎದುರು ಕುಳಿತು, ಸ್ಪೀಕರ್ ಹಾಕಿ ನೆಲದ ಮೇಲಿಟ್ಟರು.

"ಏನಮ್ಮಾ ಇಷ್ಟೊತ್ತು? ಮಹಾರಾಣಿಯವರು ಎದ್ರಾ?"

ಅಂಟು ಸವರುತ್ತಿದ್ದ ಸೊಸೆಯ ಬೆರಳು ನಿಂತಿತು.

"ನನ್ನೆದುರಿಗೇ ಕೂತಿದ್ದಾಳೆ," ಎಂದರು ಅತ್ತೆ. "ನೀನು ಅಂದಿದ್ದು ಅವಳಿಗೆ ಕೇಳಿಸ್ತು. ಇಷ್ಟು ದಿನ ನಾವು ಆಡಿದ್ದೂ ಕೇಳಿಸಿದೆ."

ಅತ್ತೆ ಮೂರನೆಯ ತೂತಿಗೆ ಕಡ್ಡಿ ತುರುಕಿದರು.

"ಇವತ್ತಿನ ದೂರೂ ಕೇಳ್ಕೋ. ಒಂದು ತೂತಿಗೆ ಒಂದು ತೊಟ್ಟು ಅಂಟು ಸಾಕು. ಇವಳು ಅರ್ಧ ಕೊಳವೆ ಸುರೀತಾಳೆ. ಹೇಳಿದ್ರೆ ಕೇಳಲ್ಲ."

ಸೊಸೆ ತಲೆಯೆತ್ತದೆ ಫೋನಿನ ಕಡೆ ಬಾಗಿದಳು. "ನಿಮ್ಮಮ್ಮ ದಪ್ಪ ಕಡ್ಡಿ ತುರುಕಿ ಚೌಕಟ್ಟು ಸೀಳ್ತಿದ್ದಾರೆ. ಅವರಿಗೂ ಹೇಳಿದ್ರೆ ಕೇಳಲ್ಲ."

ನಾಲ್ಕನೆಯ ತೂತಿನಿಂದ ಅಂಟು ಉಕ್ಕಿ ಮರದ ಮೇಲೆ ಬೆಳ್ಳಗೆ ಇಳಿಯತೊಡಗಿತು. ಒರೆಸಲು ಇಬ್ಬರೂ ಒಟ್ಟಿಗೆ ಕೈ ಚಾಚಿದರು.